ಎಂಟನೇ ಬಾಗಿಲು

"ನೋಡ್ತಾ ಇರು, ಈ ಕೈಯಿಂದ ಒಂದು ಅದ್ಭುತ ಎದ್ದು ನಿಲ್ಲುತ್ತೆ!" ಎಂದು ಹೆಂಡತಿಗೆ ಹೇಳಿದ ದಿನ ಯಾರಾದರೂ ನನ್ನ ಬಾಯಿಗೆ ಒಂದು ಮೊಳೆ ಹೊಡೆದಿದ್ದರೆ ಚೆನ್ನಾಗಿತ್ತು.

ನಾನು ಬಡಗಿ. ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿಟ್ಟು, ಕುಂಟುವ ಕುರ್ಚಿಗೆ ಕಾಲು ಕೊಟ್ಟು ಬದುಕಿದವನು. ಓದು ಐದನೇ ಕ್ಲಾಸಿಗೆ ನಿಂತಿತು. ಅದಕ್ಕೂ ಮೊದಲು ನಾನೇ ನಿಂತಿದ್ದೆ, ಕ್ಲಾಸಿನ ಬಾಗಿಲ ಹೊರಗೆ, ವರ್ಷಪೂರ್ತಿ. ನಿಲ್ಲಿಸಿದವರು ಹೆಡ್‌ಮೇಡಂ. ಬೇರೆ ಹುಡುಗರ ಪುಸ್ತಕದಲ್ಲಿ ಅವರ ಕೆಂಪು ಪೆನ್ನು 'ಭೇಷ್' ಎಂದು ಬರೆಯುತ್ತಿತ್ತು. ನನ್ನ ಪುಸ್ತಕದಲ್ಲಿ ಅದು ಏನೇನೋ ಬರೆಯಿತು, ಭೇಷ್ ಮಾತ್ರ ಬರೆಯಲಿಲ್ಲ.

ಆ ಹೆಡ್‌ಮೇಡಂ, ಈಗ ಎಪ್ಪತ್ತು ದಾಟಿದವರು, ಒಂದು ದಿನ ನನ್ನ ಅಂಗಡಿಗೆ ಬಂದರು. ನಾನು ತಟ್ಟನೆ ಎದ್ದು ಬಾಗಿಲ ಹೊರಗೆ ಹೋಗಿ ನಿಂತೆ. ಅಭ್ಯಾಸ!

"ಒಳಗೆ ಬಾರೋ," ಎಂದರು. "ಕಾಡಿನ ಅಂಚಲ್ಲಿ ನಂದೊಂದು ತುಂಡು ಜಾಗ ಇದೆ. ಧ್ಯಾನಕ್ಕೆ ಒಂದು ಪುಟ್ಟ ಮನೆ ಬೇಕು, ಒಬ್ಬಳು ಕೂರೋವಷ್ಟು. ಒಂದು ಮರಾನೂ ಕಡೀಬಾರ್ದು. ಸಿಮೆಂಟ್ ಬೇಡ, ಹೊಸ ಹಲಗೆ ಬೇಡ. ನಾಳೆ ಬಿಚ್ಚಿ ತೆಗೆದ್ರೆ ಅಲ್ಲೊಂದು ಮನೆ ಇತ್ತು ಅಂತ ಇರುವೆಗೂ ಗೊತ್ತಾಗಬಾರ್ದು. ಆಗುತ್ತೇನೋ ನಿನ್ ಕೈಲಿ?"

"ಆಗುತ್ತೆ ಮೇಡಂ."

"ಪೂರ್ತಿ ಮುಗಿಸ್ತೀಯಾ? ಇಲ್ಲಾ ಐದನೇ ಕ್ಲಾಸ್ ತರ ಅರ್ಧಕ್ಕೆ ಬಿಡ್ತೀಯಾ?"

ಅಲ್ಲೇ ಶಪಥ ಮಾಡಿದೆ. ಈ ಸಲ ಭೇಷ್ ಅನ್ನಿಸಿಕೊಳ್ಳದೆ ಉಳಿ ಕೆಳಗಿಡುವುದಿಲ್ಲ!

ಪ್ಲೈವುಡ್ ತುಂಡಿನ ಮೇಲೆ ನಕ್ಷೆ ಬರೆದೆ. ಕೆಡವಿದ ಮನೆಗಳ ಹಳೆ ಬಾಗಿಲುಗಳೇ ಗೋಡೆ! ಗೋಡೆಗೆ ಎರಡರಂತೆ ನಾಲ್ಕು ಗೋಡೆಗೆ ಎಂಟು ಬಾಗಿಲು. ಏಳಕ್ಕೆ ಮೊಳೆ ಬಡಿದು ಮುಚ್ಚುವುದು, ಎಂಟನೆಯದು ನಿಜವಾದ ಬಾಗಿಲು. ಬುಡಕ್ಕೆ ಬರೀ ಕಲ್ಲು, ತಲೆಗೆ ಹಳೆ ಹೆಂಚು, ಗಾಳಿಗೆ ಸೂರಿನ ಕೆಳಗೆ ಗೇಣಗಲದ ಸಂದಿ. ಮೇಡಂ ನಕ್ಷೆ ನೋಡಿ ಒಂದೇ ತಿದ್ದುಪಡಿ ಹೇಳಿದರು. "ಹೊರಗಡೆ ಹಿಡಿ ಬೇಡ. ನಾನು ಕೂತಾಗ ಯಾರೂ ತೆಗೀಬಾರ್ದು."

ಏಳು ಬಾಗಿಲು ನಿಂತವು. ಮೇಡಂ ಬರುವುದಕ್ಕೆ ಒಂದು ದಿನ ಇರುವಾಗ ಎಂಟನೆಯದನ್ನು ಎತ್ತಿದೆ. ಕೈಯಲ್ಲೇ ಪುಡಿಯಾಯಿತು! ಗೆದ್ದಲು ಮರವನ್ನೆಲ್ಲ ತಿಂದು ಬಣ್ಣ ಮಾತ್ರ ಬಿಟ್ಟಿತ್ತು. ಒಂದು ದಿನದಲ್ಲಿ ಅದೇ ಅಳತೆಯ ಹಳೆ ಬಾಗಿಲು ಎಲ್ಲಿಂದ ತರಲಿ?

ಇತ್ತು. ಒಂದೇ ಒಂದು ಇತ್ತು.

"ಬಚ್ಚಲು ಬಾಗಿಲು ಯಾಕ್ರೀ ಬಿಚ್ತಿದೀರಾ?" ಎಂದಳು ಹೆಂಡತಿ.

"ಉಜ್ಜಿ ತರ್ತೀನಿ. ಅಂಟ್ಕೊಳುತ್ತಲ್ಲಾ."

"ಹನ್ನೊಂದು ವರ್ಷದಿಂದ ಬಡ್ಕೊಂಡೆ, ಇವತ್ತು ಜ್ಞಾನೋದಯ ಆಯ್ತಾ? ಯಾವಾಗ ತರ್ತೀರಿ?"

"ಇಗೋ, ಬಂದೆ."

ಅವಳು ನನ್ನ ಬೆನ್ನನ್ನೇ ನೋಡುತ್ತಾ ಬಚ್ಚಲಿಗೆ ಹೂವಿನ ಬೆಡ್‌ಶೀಟ್ ಕಟ್ಟಿದಳು.

ಆ ಬಾಗಿಲಿಗೆ ಎರಡು ಲಕ್ಷಣ. ಒಂದು, ಹೊರಬದಿಯಲ್ಲಿ ಕೆಳಗೆ ಎಣ್ಣೆ ಡಬ್ಬದ ತಗಡಿನ ತೇಪೆ. ಎರಡು, ಒಳಗಿನಿಂದ ಸೊಂಟದಲ್ಲಿ ಒಂದು ಕೊಟ್ಟರೆ ಮಾತ್ರ ತೆರೆಯುತ್ತದೆ. ಮನೆಮಂದಿಗೆಲ್ಲ ಅಭ್ಯಾಸ.

ಮರುದಿನ ಹತ್ತಕ್ಕೆ ಸರಿಯಾಗಿ ಮೇಡಂ ಬಂದರು. ಸುತ್ತು ಹಾಕಿ ನೋಡಿದರು. "ಹೂಂ," ಎಂದರು. ಭೇಷ್‌ಗೆ ಅದು ಅರ್ಧ ದಾರಿ!

"ಒಂದು ಗಂಟೆ ಕೂರ್ತೀನಿ. ಹನ್ನೆರಡರವರೆಗೆ ನಂಗೆ ಮೌನ. ನೀನೂ ಉಸಿರೆತ್ತಬೇಡ."

"ಬರೋವಾಗ ಸ್ವಲ್ಪ ಜೋರಾಗಿ ತಳ್ಳಿ ಮೇಡಂ," ಎನ್ನುವಷ್ಟರಲ್ಲಿ ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ನೆಮ್ಮದಿಯಾಗಿ ಕೂತೆ. ಕೂತ ಮೇಲೆ ನೆನಪಾಯಿತು. ನನ್ನ ಅದ್ಭುತ ನೋಡಲು, ಊಟದ ಡಬ್ಬಿ ಹಿಡಿದು ಬಾ ಎಂದು ಹೆಂಡತಿಗೆ ನಾನೇ ಹೇಳಿದ್ದೆ! ಆ ತೇಪೆ ಅವಳ ಕಣ್ಣಿಗೆ ಬಿದ್ದರೆ? ಸುತ್ತ ನೋಡಿದೆ. ಮೇಡಂ ತರಿಸಿಟ್ಟಿದ್ದ, ಮಣ್ಣು ತುಂಬಿದ ದೊಡ್ಡ ಹೂಕುಂಡ ಕಂಡಿತು. ಸದ್ದಾಗದಂತೆ ಉರುಳಿಸಿ ತಂದು, ತೇಪೆ ಮುಚ್ಚುವಂತೆ ಬಾಗಿಲಿಗೆ ಒತ್ತಿ ನಿಲ್ಲಿಸಿದೆ. ಎಂಥಾ ಬುದ್ಧಿ! ಬೆವರು ಒರೆಸಿಕೊಂಡೆ.

ಹನ್ನೊಂದಾಯಿತು. ಒಳಗೆ 'ದಬ್' ಎಂದಿತು. ಇದ್ಯಾವ ನಮೂನೆಯ ಧ್ಯಾನವೋ ಅಂದುಕೊಂಡೆ. ಆಮೇಲೆ ನಾಲ್ಕೂ ಗೋಡೆಯಿಂದ ದಬ್ ದಬ್! ಕೊನೆಗೆ ಗೋಡೆಯ ಸಂದಿಯಿಂದ ಒಂದು ಚೀಟಿ ಹೊರಬಂತು. ಕೆಂಪು ಅಕ್ಷರ.

"ಬಾಗಿಲು ಯಾವುದು? ಒಂದೇ ವಾಕ್ಯದಲ್ಲಿ ಉತ್ತರಿಸು."

ನಲವತ್ತು ವರ್ಷದ ಮೇಲೆ ಪರೀಕ್ಷೆ! ಉಸಿರೆತ್ತಬೇಡ ಎಂದಿದ್ದಾರಲ್ಲ, ಪೆನ್ಸಿಲ್ ತೆಗೆದು ಬರೆದೆ. 'ಚಿಲಕ ಇರೋದು ಮೇಡಂ.' ಒಳಗೆ ತಳ್ಳಿದೆ. ತಕ್ಷಣ ವಾಪಸ್ ಬಂತು, ಮೇಲೊಂದು ಕೆಂಪು ಅಡ್ಡಗೆರೆ. "ಎಂಟಕ್ಕೂ ಚಿಲಕವಿದೆ. ತಪ್ಪು."

ಹೌದಲ್ಲ! ಚೆಂದಕ್ಕಿರಲಿ ಎಂದು ಹಳೆ ಚಿಲಕಗಳನ್ನು ನಾನೇ ಬಿಟ್ಟಿದ್ದೆ.

ಸರಿಯಾದ ಬಾಗಿಲು ತಟ್ಟಿ ತೋರಿಸಿದೆ. ಅವರು ತಳ್ಳಿದರು. ಕೂದಲೆಳೆಯಷ್ಟು ಅಲುಗಿ ನಿಂತಿತು. ಇಬ್ಬನಿಗೆ ಮರ ಉಬ್ಬಿದೆ ಎಂದು ತೀರ್ಮಾನಿಸಿದೆ. ಎಳೆಯಲು ಹೊರಗೆ ಹಿಡಿ ಇಲ್ಲ. ಹಾರೆ ಹಾಕಿ ಒಡೆದರೆ ಹೆಂಡತಿ, ಒಡೆಯದಿದ್ದರೆ ಹೆಡ್‌ಮೇಡಂ. ಅತ್ತ ದರಿ, ಇತ್ತ ಪುಲಿ!

ಇನ್ನೊಂದು ಚೀಟಿ. "ನನಗೆ ಎಪ್ಪತ್ತೆರಡು ವರ್ಷ. ಕಾರಣ ಕೊಡು."

ಯಾತಕ್ಕೆ ಕಾರಣ ಕೊಡಲಿ? ಆಮೇಲೆ ಚೀಟಿಯೂ ನಿಂತಿತು, ದಬ್ ಎನ್ನುವುದೂ ನಿಂತಿತು. ಅಯ್ಯೋ! ತಲೆ ಸುತ್ತಿ ಬಿದ್ದರೇ? ಎದೆ ಹಿಡಿದುಕೊಂಡರೇ? ನನ್ನ ಇಡೀ ಬಾಲ್ಯ ಹೊರಗೆ ನಿಲ್ಲಿಸಿದವರನ್ನು ನಾನು ಒಳಗೆ ಹಾಕಿ ಕೊಂದೆನೇ? "ಮೇಡಂ!" ಎಂದು ಕೂಗಿಯೇ ಬಿಟ್ಟೆ. ಒಳಗಿನಿಂದ "ಶ್!" ಎಂದು ಬಂತು. ಬದುಕಿದ್ದಾರೆ! ಕುಂಡದ ಅಂಚಿಗೆ ಕುಸಿದು ತಲೆ ಮೇಲೆ ಕೈಹೊತ್ತು ಕೂತೆ.

ಅಷ್ಟರಲ್ಲಿ ತರಗೆಲೆ ಚರಚರ ಅಂದಿತು. ಡಬ್ಬಿ ಹಿಡಿದು ಹೆಂಡತಿ.

"ಎಲ್ರೀ ನಿಮ್ಮ ಮೇಡಮ್ಮು?"

"ಒಳಗೆ."

"ಎಷ್ಟೊತ್ತಿಂದ?"

"ಹತ್ತರಿಂದ. ಬಾಗಿಲು ಅಂಟ್ಕೊಂಡಿದೆ. ಏನ್ ಮಾಡಿದ್ರೂ ಬರ್ತಿಲ್ಲ ಕಣೆ!"

ಅವಳು ಬಾಗಿಲು ನೋಡಿದಳು. ನನ್ನನ್ನು ನೋಡಿದಳು. ನನ್ನ ಕೆಳಗಿನದನ್ನು ನೋಡಿದಳು.

"ಈ ಕುಂಡ ಯಾಕಿಲ್ಲಿ?"

"ಚೆಂದಕ್ಕೆ."

"ಹೊರಗಡೆ ತೆರ್ಕೊಳ್ಳೋ ಬಾಗಿಲಿಗೆ ಕುಂಡ ಅಡ್ಡ ಇಟ್ಟು, ಮೇಲೆ ನೀವೂ ಕೂತ್ರೆ ಯಾರ್ರೀ ತೆಗೀತಾರೆ? ಏಳಿ ಮೇಲೆ!"

ಎದ್ದೆ. ಅವಳು ಡಬ್ಬಿ ಕೆಳಗಿಟ್ಟು, ಸೆರಗು ಸಿಕ್ಕಿಸಿ, ಒಂದೇ ನೂಕಿಗೆ ಕುಂಡ ಉರುಳಿಸಿದಳು. ತೇಪೆ ಫಳಫಳ ಹೊಳೆಯಿತು.

ಅವಳು ಬಗ್ಗಿ ತೇಪೆಯನ್ನು ಬೆರಳಿನಿಂದ ತಟ್ಟಿ ನೋಡಿದಳು.

"ಇದು ನಮ್ಮ ಬಚ್ಚಲು ಬಾಗಿಲು," ಎಂದಳು, ಬಹಳ ನಿಧಾನವಾಗಿ.

"ಉಜ್ಜಿ ತರ್ತೀನಿ..."

"ನಿಮ್ಮ ವಿಚಾರಣೆ ಮನೇಲಿ." ಬಾಗಿಲಿಗೆ ಬಾಯಿ ಹಚ್ಚಿ ಕೂಗಿದಳು, "ಮೇಡಂ, ಹೆದರ್ಬೇಡಿ! ಬಾಗಿಲಿಗೆ ಬೆನ್ನು ಮಾಡಿ ನಿಂತ್ಕೊಳ್ಳಿ. ಚಿಲಕದ ಕೆಳಗೆ ಸೊಂಟದಿಂದ ಒಂದು ಕೊಡಿ. ಕೊಡೋವಾಗ ಈ ಮನುಷ್ಯನ ಮುಖ ನೆನೆಸ್ಕೊಳ್ಳಿ. ನಾನು ದಿನಾ ಹಂಗೇ ತೆಗೆಯೋದು!"

ಢಮಾರ್! ಬಾಗಿಲು ಹಾರಿ ಬಂದು ನನ್ನ ಮೂಗಿಗೇ ಬಡಿಯಿತು. ಮೇಡಂ ಹೊರಬಂದರು. ಹನ್ನೆರಡಕ್ಕೆ ಇನ್ನೂ ಐದು ನಿಮಿಷ ಇತ್ತು, ಹಾಗಾಗಿ ಬಾಯಿ ತೆರೆಯಲಿಲ್ಲ. ಬೆರಳು ತೋರಿಸಿದರು ಅಷ್ಟೇ. ಆ ಬೆರಳಿನ ಭಾಷೆ ನನಗೆ ಚೆನ್ನಾಗಿ ಗೊತ್ತು. ಹೋಗಿ ಮರದ ಪಕ್ಕ ನಿಂತೆ.

ಸಂಜೆಯೊಳಗೆ ಬಾಗಿಲು ಮನೆಗೆ ವಾಪಸ್ ಹೋಯಿತು, ನನ್ನ ತಲೆ ಮೇಲೆ. ಹೂವಿನ ಬೆಡ್‌ಶೀಟ್ ಕಾಡಿಗೆ ಬಂತು. ಅದನ್ನು ಹೆಂಡತಿಯೇ ಕಟ್ಟಿದಳು. ಮೇಡಂ ಒಳಗೆ ಹೋದರು, ಹೊರಗೆ ಬಂದರು, ಮತ್ತೆ ಹೋದರು, ಮತ್ತೆ ಬಂದರು.

"ಗಾಳಿ, ಬೆಳಕು, ತಳ್ಳೋ ಗೋಜೇ ಇಲ್ಲ! ಯಾರ ಐಡಿಯಾ ಇದು?"

ನಾನು ಬಾಯಿ ತೆರೆದೆ.

"ನಂದು ಮೇಡಂ," ಎಂದಳು ಹೆಂಡತಿ.

"ಭೇಷ್!"

ನಲವತ್ತು ವರ್ಷ ಕಾದ ಆ ಒಂದು ಪದ ನನ್ನ ಕಿವಿಯ ಪಕ್ಕದಲ್ಲೇ ಹಾದು ಅವಳ ಮಡಿಲಿಗೆ ಬಿತ್ತು.

ಹೋದ ವಾರ ಮೇಡಂ ಗೆಳತಿಯರು ಧ್ಯಾನದ ಮನೆ ನೋಡಲು ಬಂದಿದ್ದರು. "ಗೋಡೆಯೆಲ್ಲಾ ಬಾಗಿಲು, ಬಾಗಿಲಿಗೆ ಮಾತ್ರ ಬಾಗಿಲಿಲ್ಲ! ಯಾರು ಮಾಡಿದ್ದು ಇದನ್ನ?" ಎಂದರು ಒಬ್ಬರು.

ಮೇಡಂ ನನ್ನ ಕಡೆ ಬೆರಳು ತೋರಿಸಿದರು. "ಇವನೇ. ಪೂರ್ತಿ ಇವನೇ ಮಾಡಿದ್ರೆ ನಾನಿನ್ನೂ ಒಳಗೇ ಇರ್ತಿದ್ದೆ."