ವೆಂಡೆಲನ ಏಳು ಟಾರ್ಚುಗಳು

ಹೋದ ವರ್ಷದ ಅವಮಾನವನ್ನು ವೆಂಡೆಲ್ ಇನ್ನೂ ಜೀರ್ಣಿಸಿಕೊಂಡಿರಲಿಲ್ಲ. ಫೋನುಗಳು ಮನೆಯ ಗೋಡೆ ಬಿಟ್ಟು ಕದಲದಿದ್ದ ಕಾಲ. ಉತ್ತರ ಮಿನೆಸೋಟದ ಸರೋವರದ ದಂಡೆಯಲ್ಲಿ ಡೇರೆ ಹಾಕಿದ್ದಾಗ, ಸರಿಯಾಗಿ ಬೇಕಾದ ಹೊತ್ತಿಗೇ ಅವನ ಟಾರ್ಚು ಕಣ್ಣು ಮುಚ್ಚಿತ್ತು. (ಚೀಲದೊಳಗೆ ಗುಂಡಿ ಒತ್ತಿಕೊಂಡು, ದಾರಿಯುದ್ದಕ್ಕೂ ಅವನ ಕಾಲುಚೀಲಗಳಿಗೆ ಬೆಳಕು ತೋರಿಸುತ್ತಾ ಬಂದಿತ್ತು, ಪಾಪ.) ಷಡ್ಡಕ ಡೆಲ್ಬರ್ಟ್ ಕತ್ತಲಲ್ಲಿ ಬೀನ್ಸ್ ಪಾತ್ರೆಯೊಳಗೆ ಕಾಲಿಟ್ಟು, ಆ ಕಾಲನ್ನು ಎತ್ತುವ ಮೊದಲೇ ಷರತ್ತು ಹಾಕಿದ್ದ: ಮುಂದಿನ ಸಲ ಒಂದೇ ಒಂದು ಟಾರ್ಚು ಕೈಕೊಟ್ಟರೂ ಡೇರೆವಾಸಕ್ಕೆ ಮಂಗಳ, ಆಮೇಲೆ ಜೀವನಪರ್ಯಂತ ಹೆದ್ದಾರಿ ಬದಿಯ ಮೋಟೆಲ್. ಮೂವತ್ತು ವರ್ಷ ಕಲ್ಲುನೆಲದ ಮೇಲೆ ಬೆನ್ನು ಸವೆಸಿದ್ದ ವೆಂಡೆಲನಿಗೆ ಇದು ಸಿಂಹಾಸನದಿಂದ ಇಳಿಸಿ ಸೋಫಾದ ಮೇಲೆ ಕೂರಿಸಿದಂಥ ಶಿಕ್ಷೆ.

ಹಾಗಾಗಿ ಈ ಸೆಪ್ಟೆಂಬರಿಗೆ ಮೇ ತಿಂಗಳಿಂದಲೇ ಸಮರಸಿದ್ಧತೆ ನಡೆಯಿತು. ಬೆರಳುದ್ದದ ಏಳು ಟಾರ್ಚುಗಳು ಬಂದು ಊಟದ ಮೇಜನ್ನು ಆಕ್ರಮಿಸಿದವು. ಹೆಂಡತಿ ಆರ್ಡಿಸ್ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಉಂಡಳು. ವೆಂಡೆಲ್ ಅವುಗಳ ಒಳಗಿನ ತಗಡನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದ. ಹಳೆಯ ಬ್ಯಾಟರಿ ಹೊಸದರ ಪಕ್ಕ ಸುಳಿಯದಂತೆ ಮಡಿ ಕಾಯ್ದ. ಇದರಲ್ಲಿ ಕಾಲು ಭಾಗ ಆರೈಕೆ ಸಿಕ್ಕಿದ್ದರೆ ತಾನೂ ಈ ಹೊತ್ತಿಗೆ ಮಿಂಚುತ್ತಿದ್ದೆ ಎಂದು ಆರ್ಡಿಸ್ ಗೊಣಗಿದಳು.

ಎಲ್ಲಕ್ಕೂ ಮಿಗಿಲಾದ ಬ್ರಹ್ಮಾಸ್ತ್ರ ಬೇರೆಯೇ ಇತ್ತು. ಪ್ರತಿ ಟಾರ್ಚಿನ ಎರಡು ಬ್ಯಾಟರಿಗಳಲ್ಲಿ ಒಂದನ್ನು ತಲೆಕೆಳಗಾಗಿ ಹಾಕಿಟ್ಟರೆ, ಚೀಲದಲ್ಲಿ ಗುಂಡಿ ಎಷ್ಟೇ ಒತ್ತಿಕೊಂಡರೂ ದೀಪ ಹತ್ತದು; ಬೇಕಾದಾಗ ತಿರುಗಿಸಿದರಾಯಿತು. ಈ ಉಪಾಯವನ್ನು ಅವನು ಹೆಂಡತಿಗೂ ಹೇಳಲಿಲ್ಲ. ಎಲ್ಲರ ಮುಂದೆ ಹೇಳಿ ಭೇಷ್ ಅನ್ನಿಸಿಕೊಳ್ಳುವ ಆಸೆ.

ಆ ದಿನ ಬಂತು. ಸೂರ್ಯ ಪೈನ್ ಮರಗಳ ಹಿಂದೆ ಇಳಿದ. ಡೆಲ್ಬರ್ಟನ ಹೆಂಡತಿ, ಅಂದರೆ ಆರ್ಡಿಸಳ ಅಕ್ಕ ಲವೋನ್, ಮರಗಳಾಚೆಯ ಪಾಯಿಖಾನೆಗೆ ಹೋಗಬೇಕು, ಬೆಳಕು ಕೊಡಿ ಎಂದಳು. ವೆಂಡೆಲ್ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಬ್ಯಾಟರಿಗಳ ಯೋಗನಿದ್ರೆಯ ಬಗ್ಗೆ ಉಪನ್ಯಾಸ ಕೊಟ್ಟ. ಅವಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ಕೇಳಿದಳು. ಆ ಮಬ್ಬಿನಲ್ಲಿ, ಕನ್ನಡಕವೂ ಇಲ್ಲದೆ, ಬೆರಳುಗಳ ಅಭ್ಯಾಸಬಲದಿಂದಲೇ ಏಳೂ ಟಾರ್ಚುಗಳಲ್ಲಿ ಒಂದೊಂದು ಬ್ಯಾಟರಿ ತಿರುಗಿಸಿ ಮೊದಲನೆಯದರ ಗುಂಡಿ ಒತ್ತಿದ. ಹತ್ತಲಿಲ್ಲ. ಎರಡನೆಯದೂ ಇಲ್ಲ. ಏಳನೆಯದನ್ನು ತೊಡೆಗೆ ತಟ್ಟಿದ, ಕಂಕುಳಲ್ಲಿಟ್ಟು ಕಾವು ಕೊಟ್ಟ. ಅಷ್ಟರಲ್ಲಿ ಲವೋನ್ ತಡೆಯಲಾರದೆ ಕತ್ತಲಲ್ಲೇ ಓಡಿದ್ದಳು.

ಡೆಲ್ಬರ್ಟ್ ಜೇಬಿನಿಂದ ಮೋಟೆಲಿನ ಜಾಹೀರಾತು ತೆಗೆದು ಮಡಿಕೆ ಬಿಡಿಸಿದ. "ಸ್ವಲ್ಪ ಬೆಳಕು ಹಿಡಿ ವೆಂಡೆಲ್, ಓದೋಣ."

ವೆಂಡೆಲ್ ಕುಸಿದು ಕೂತು, ಮೋಟೆಲೇ ಆಗಲಿ, ತಾನು ಸೋತೆ ಎಂದ.

ಉಪನ್ಯಾಸದ ಹೊತ್ತಿನಲ್ಲಿ ಸರೋವರದ ದಡದಲ್ಲಿ ತಟ್ಟೆ ತೊಳೆಯುತ್ತಿದ್ದ ಆರ್ಡಿಸ್ ಆಗಷ್ಟೇ ಬಂದು ಟಾರ್ಚುಗಳತ್ತ ನೋಡಿದಳು. "ಮಧ್ಯಾಹ್ನ ಎಲ್ಲಾ ಚೆನ್ನಾಗಿ ಉರೀತಿದ್ವಲ್ಲ."

"ಮಧ್ಯಾಹ್ನ?"

"ನೀನು ಮೀನು ಹಿಡಿಯೋಕೆ ಹೋಗಿದ್ದಾಗ ಒತ್ತಿ ನೋಡ್ದೆ. ಏಳರಲ್ಲೂ ಒಂದೊಂದು ಬ್ಯಾಟರಿ ತಲೆಕೆಳಗು. ನಾಲ್ಕು ತಿಂಗಳು ಉಜ್ಜಿದೋನಿಗೆ ಬ್ಯಾಟರಿ ಹಾಕೋಕೇ ಬರಲ್ಲ ಅಂತ ಭಾವನ ಮುಂದೆ ನಿನ್ನ ಮಾನ ಹೋಗಬಾರದಲ್ಲ ಮಾರಾಯ. ಎಲ್ಲಾ ಸರಿ ಮಾಡಿಟ್ಟು ಬಾಯಿ ಮುಚ್ಕೊಂಡಿದ್ದೆ."

ಅವನ ಕೈಯಿಂದ ಒಂದು ಟಾರ್ಚು ಕಿತ್ತುಕೊಂಡು, ಬ್ಯಾಟರಿ ತಿರುಗಿಸಿ ಒತ್ತಿದಳು. ಬೆಳಕು ನೇರವಾಗಿ ಗಂಡನ ಮುಖಕ್ಕೇ ಬಿತ್ತು. ನೋಡುವಂಥ ಮುಖವಾಗಿರಲಿಲ್ಲ.

ತೀರ್ಪು ಕೊಟ್ಟವಳು, ತಲೆತುಂಬ ಎಲೆ ಸಿಕ್ಕಿಸಿಕೊಂಡು ವಾಪಸು ಬಂದು ಇದನ್ನೆಲ್ಲ ಕೇಳಿಸಿಕೊಂಡಿದ್ದ ಲವೋನ್. "ಟಾರ್ಚು ಕೈಕೊಟ್ಟಿಲ್ಲ. ಕೈಕೊಟ್ಟಿದ್ದು ಇವನು. ಡೇರೆ ಇರಲಿ, ಟಾರ್ಚು ಮಾತ್ರ ಇವನ ಕೈಗೆ ಕೊಡಬೇಡಿ."

ಹೀಗೆ ಡೇರೆವಾಸ ಉಳಿಯಿತು, ವೆಂಡೆಲನ ಅಧಿಕಾರ ಹೋಯಿತು. ಈಗ ಪ್ರತಿ ಸೆಪ್ಟೆಂಬರಿನಲ್ಲೂ ಕತ್ತಲಾದ ಮೇಲೆ ಮರಗಳಾಚೆ ಹೋಗಬೇಕಾದರೆ ಅವನು ಹೆಂಡತಿಯ ಮುಂದೆ ಕೈಯೊಡ್ಡಿ, ಕಾರಣ ಹೇಳಿ, ಒಂದು ಟಾರ್ಚು ಪಡೆಯುತ್ತಾನೆ. ಅದರ ಮುಚ್ಚಳಕ್ಕೆ ಆರ್ಡಿಸ್ ಮೂರು ಸುತ್ತು ಅಂಟುಪಟ್ಟಿ ಬಿಗಿದಿರುತ್ತಾಳೆ.