ಡಾಕ್ಟರರ ಸಾಲಿನಲ್ಲಿ ಒಂದು ಜಾಗ

ಟಾಲ್‌ಬಾಖ್ ಪುರಸಭೆಯ ಸ್ಮಶಾನ ನಿಯಮಾವಳಿಯ ಪ್ರಕಾರ ಮನುಷ್ಯನ ಬುದ್ಧಿಗೆ ವಿಶ್ವವಿದ್ಯಾಲಯದ ಪದವಿಯೊಂದೇ ಪುರಾವೆ. ಮರಣವು ಈ ಪುರಾವೆಗೆ ಬಾಧಕವಲ್ಲ.

ಆದ್ದರಿಂದ ಗುಡ್ಡದ ಮೇಲೆ, ಹಳೆಯ ಗೋಡೆಗೆ ಒತ್ತಿಕೊಂಡು, ಬೆಳಗಿನ ಬಿಸಿಲು ಮೊದಲು ಬೀಳುವ ಸಾಲನ್ನು ಡಾಕ್ಟರೇಟ್ ಪಡೆದವರಿಗೆ ಮೀಸಲಿಡಲಾಗಿದೆ. ಅದರ ಕೆಳಗಿನ ಸಾಲು ಮಾಗಿಸ್ಟರ್, ಅಂದರೆ ಸ್ನಾತಕೋತ್ತರ, ಪದವೀಧರರದ್ದು. ಅದಕ್ಕೂ ಕೆಳಗೆ ಇಂಜಿನಿಯರುಗಳು. ಉಳಿದವರು ನೀರಿನ ನಲ್ಲಿಯ ಬಳಿ, ಬಾಡಿದ ಹೂಗಳ ತಿಪ್ಪೆಯ ಪಕ್ಕದಲ್ಲಿ ಮಲಗುತ್ತಾರೆ. ಇದನ್ನು ಯಾರೂ ಅನ್ಯಾಯ ಎಂದಿಲ್ಲ. ಆಸ್ಟ್ರಿಯಾದಲ್ಲಿ ಮನೆಯ ಕರೆಗಂಟೆಯ ಮೇಲೂ ಹೆಸರಿಗಿಂತ ಮೊದಲು ಪದವಿ ಇರುತ್ತದೆ. ಬದುಕಿರುವಾಗ ಕರೆಗಂಟೆಗೆ ಇರುವ ವಿವೇಕ ಸತ್ತ ಮೇಲೆ ಮಣ್ಣಿಗೂ ಇರಬೇಕು ಎಂಬುದು ನಮ್ಮೂರಿನ ಸರ್ವಾನುಮತದ ಅಭಿಪ್ರಾಯ. ಸ್ಮಶಾನ ಸಮಿತಿಯ ಸದಸ್ಯನಾಗಿ ನಾನೂ ಅದಕ್ಕೆ ಕೈ ಎತ್ತಿದ್ದೇನೆ.

ಪುರಸಭೆಯ ಕಾನೂನು ಅಧಿಕಾರಿಯಾಗಿದ್ದ ಡಾಕ್ಟರ್ ಒಟೊಕಾರ್ ವಿಮ್ಮರ್ ತೀರಿಕೊಂಡಾಗ ಅವರನ್ನು ಮೊದಲ ಸಾಲಿನಲ್ಲಿಯೇ ಮಣ್ಣು ಮಾಡಲಾಯಿತು. ಜೋಡಿ ಸಮಾಧಿ. ಕಲ್ಲಿನ ಮೇಲೆ ಅವರ ಹೆಸರಿನ ಕೆಳಗೆ ಹೆಂಡತಿ ರೋಸ್‌ವಿಟಾ ಅವರ ಹೆಸರನ್ನೂ ಹುಟ್ಟಿದ ವರ್ಷವನ್ನೂ ಆಗಲೇ ಕೆತ್ತಿಸಿದ್ದರು. ಇನ್ನೊಂದು ವರ್ಷಕ್ಕೆ ಜಾಗ ಬಿಟ್ಟಿದ್ದರು. ರೋಸ್‌ವಿಟಾ ಅವರು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ. ಆದರೆ ಗಂಡನ ಪದವಿ ಹೆಂಡತಿಗೂ ಸಲ್ಲುವುದು ಇಲ್ಲಿನ ವಾಡಿಕೆ. ಹಾಗಾಗಿ ಗಂಡನಿಗೆ ಪದವಿ ಸಿಕ್ಕ ಮಧ್ಯಾಹ್ನದಿಂದಲೇ ಅವರು ಊರಿಗೆಲ್ಲ ಡಾಕ್ಟರಮ್ಮ.

ಸಮಾಧಿಯ ಜಾಗವನ್ನು ಇಲ್ಲಿ ಹತ್ತು ವರ್ಷಕ್ಕೊಮ್ಮೆ ಗುತ್ತಿಗೆ ಪಡೆಯಬೇಕು. ಗುತ್ತಿಗೆ ನವೀಕರಿಸಲು ರೋಸ್‌ವಿಟಾ ಅವರು ಕಚೇರಿಗೆ ಹೋದಾಗ ಕಾರ್ಯದರ್ಶಿ ಮಾಗಿಸ್ಟರ್ ಗುಂಟ್ರಾಮ್ ಪೊಕೋರ್ನಿ ಎದ್ದು ನಿಂತರು.

"ಬನ್ನಿ, ಡಾಕ್ಟರ್... ಬನ್ನಿ ಅಮ್ಮಾ, ಕೂತ್ಕೊಳ್ಳಿ."

"ಏನ್ರೀ ಗುಂಟ್ರಾಮ್, ಅರ್ಧಕ್ಕೇ ನುಂಗಿಬಿಟ್ರಿ?"

"ನುಂಗಬೇಕಾಗಿ ಬಂತು. ವಿಶ್ವವಿದ್ಯಾಲಯದವರು ಹಳೇ ಮಹಾಪ್ರಬಂಧಗಳನ್ನೆಲ್ಲ ಒಂದು ಯಂತ್ರಕ್ಕೆ ತಿನ್ನಿಸ್ತಿದಾರೆ. ಯಜಮಾನರ ಪ್ರಬಂಧದಲ್ಲಿ ಎಷ್ಟೋ ಕಡೆ ಬೇರೆಯವರ ಮಾತಿದೆಯಂತೆ. ಎಲ್ಲಿಂದ ತಗೊಂಡ್ರು ಅನ್ನೋ ಅಡಿಟಿಪ್ಪಣಿ ಇಲ್ಲವಂತೆ. ವಿವರಣೆ ಕೊಡಿ ಅಂತ ಅವರಿಗೇ ಕಾಗದ ಬರೆದ್ರು."

"ಯಾರಿಗೆ?"

"ಯಜಮಾನರಿಗೆ."

"ಯಾವ ವಿಳಾಸಕ್ಕೆ?"

"ಈಗ ಎಲ್ಲಿದಾರೋ ಆ ವಿಳಾಸಕ್ಕೆ. ಅಂಚೆಯವನು ಕಲ್ಲಿನ ಕೆಳಗೆ ಇಟ್ಟು ಬಂದ. ನಿಗದಿತ ಅವಧಿಯೊಳಗೆ ಅವರು ಉತ್ತರ ಕೊಡಲಿಲ್ಲ. ಕೊಡದಿದ್ರೆ ಒಪ್ಪಿಕೊಂಡ ಹಾಗೆ. ಪದವಿ ವಾಪಸ್ ತಗೊಂಡ್ರು."

ರೋಸ್‌ವಿಟಾ ಅವರು, "ಆ ಪ್ರಬಂಧ ಟೈಪ್ ಮಾಡಿದ್ದು ನಾನೇ," ಎಂದರು. "ಅಡಿಟಿಪ್ಪಣಿ ಎಲ್ಲ ಅವರು ಬರೆದಿದ್ರು. ಹಾಳೆಯ ಕೆಳಗೆ ಜಾಗ ಸಾಲ್ತಿರಲಿಲ್ಲ. ಹೊಟ್ಟೇಲಿ ಮಗು ಬೇರೆ, ಬೆನ್ನು ನೋವು. 'ಬಿಟ್ಬಿಡು ರೋಸಿ, ಯಾರು ಓದ್ತಾರೆ' ಅಂದ್ರು."

"ಅಡಿಟಿಪ್ಪಣಿ ಬಿಟ್ಟು ಬೇರೇನೂ ಓದದೇ ಇರೋ ಯಂತ್ರ ಬರುತ್ತೆ ಅಂತ ಆಗ ಯಾರಿಗೆ ಗೊತ್ತಿತ್ತು ಅಮ್ಮಾ," ಎಂದು ಪೊಕೋರ್ನಿ ಮರುಗಿದರು. ಮರುಗಿದ ಮೇಲೆ ನಿಯಮ ಓದಿದರು. ಬುದ್ಧಿಯ ಪುರಾವೆ ರದ್ದಾದ ಮೃತರನ್ನು ಮೊದಲ ಸಾಲಿನಿಂದ ನಲ್ಲಿಯ ಬಳಿಗೆ ಸ್ಥಳಾಂತರಿಸತಕ್ಕದ್ದು. ನಲ್ಲಿಯ ಬಳಿ ಜೋಡಿ ಸಮಾಧಿ ಇಲ್ಲ. ಅಲ್ಲಿ ಸತ್ತ ಸರದಿಯಂತೆ ಒಬ್ಬೊಬ್ಬರಿಗೆ ಒಂದೊಂದು.

"ಅವರ ಎಡಕ್ಕೆ ಯಾರು ಬರ್ತಾರೆ?"

"ಮಾಂಸದಂಗಡಿ ಯೋಬ್ಸ್ಟ್. ಈಗಾಗಲೇ ಇದಾರೆ."

"ಬಲಕ್ಕೆ?"

"ಮುಂದೆ ಯಾರು ತೀರಿಕೊಳ್ತಾರೋ ಅವರು."

"ಅಂದ್ರೆ ಅವರ ಪಕ್ಕದಲ್ಲಿ ನಾನಿರಬೇಕಾದ್ರೆ ಊರಲ್ಲಿ ಬೇರೆ ಯಾರೂ ಸಾಯೋ ಮೊದಲು ನಾನು ಸಾಯಬೇಕು."

"ಕಚೇರಿ ಯಾರಿಗೂ ಹಾಗೆ ಸಲಹೆ ಕೊಡಲ್ಲ," ಎಂದರು ಪೊಕೋರ್ನಿ. "ಆದ್ರೆ ನಿಯಮದಲ್ಲಿ ಅಡ್ಡಿ ಏನಿಲ್ಲ."

ವಿಷಯ ಸಮಿತಿಯ ಮುಂದೆ ಬಂತು. ಬರುವಾಗ ಹೊಳೆಯ ತಡೆಗೋಡೆಯನ್ನೂ ಜೊತೆಗೆ ಕರೆತಂದಿತು. ಹಿಂದೊಮ್ಮೆ ಆ ಗೋಡೆ ಕಟ್ಟಿಸುವಾಗ ವಿಮ್ಮರ್ ಅವರು ಹಟ ಹಿಡಿದು ಒಂದು ಮೊಳ ಹೆಚ್ಚು ಎತ್ತರಿಸಿದ್ದರು. ಆಮೇಲೆ ಬಂದ ಮಹಾಪೂರದಲ್ಲಿ ನೀರು ಆ ಮೊಳದ ಅರ್ಧಕ್ಕೆ ಬಂದು ನಿಂತಿತು. ಊರು ಉಳಿಯಿತು. ಈಗ ಆ ನಿರ್ಣಯವನ್ನು ಕೈಗೊಂಡವರು ಡಾಕ್ಟರ್ ಆಗಿರಲಿಲ್ಲ ಎಂದು ಸಾಬೀತಾಗಿರುವುದರಿಂದ ಗೋಡೆಯ ಮೇಲ್ಭಾಗ ಬುದ್ಧಿಯಿಂದ ಕಟ್ಟಿದ್ದಲ್ಲ ಎಂದಾಯಿತು.

"ಆ ಮೊಳವನ್ನ ಒಡೆಸಬೇಕು," ಎಂದರು ದಂತವೈದ್ಯ ಡಾಕ್ಟರ್ ಆಡಾಲ್ಬರ್ಟ್ ಕ್ರಾಕ್ಸ್‌ನರ್.

ಅಧ್ಯಕ್ಷೆ ಇಂಜಿನಿಯರ್ ಟ್ರೌಡೆ ಶಾಖಿಂಗರ್ ಅವರಿಗೆ ಹೊಳೆಯ ದಡದಲ್ಲೇ ಮನೆ. "ಒಡೆಸಿದ್ರೆ ನೀರು ಒಳಗೆ ಬರಲ್ವಾ ಡಾಕ್ಟರೇ?"

"ಬರಲಿ. ಕ್ರಮಬದ್ಧವಾಗಿ ಬರುತ್ತೆ."

ಕ್ರಾಕ್ಸ್‌ನರ್ ಅವರ ನಿಷ್ಠುರತೆಗೆ ಕಾರಣವಿತ್ತು. ಮೊದಲ ಸಾಲು ಭರ್ತಿಯಾಗಿತ್ತು. ಅವರಿಗೆ ವಯಸ್ಸಾಗಿತ್ತು. ಭಾನುವಾರ ಸಂಜೆ ಅವರು ವಿಮ್ಮರ್ ಸಮಾಧಿಯ ಮುಂದೆ ನಿಂತು, ಅಲ್ಲಿಂದ ಕಣಿವೆ ಹೇಗೆ ಕಾಣುತ್ತದೆಂದು ಕತ್ತು ವಾಲಿಸಿ ನೋಡುವುದನ್ನು ಊರವರೆಲ್ಲ ನೋಡಿದ್ದರು. ಅವರ ಪದವಿಗಂತೂ ಅಪಾಯವಿರಲಿಲ್ಲ. ಅವರ ಕಾಲದಲ್ಲಿ ವೈದ್ಯರಿಗೆ ಪ್ರಬಂಧ ಬರೆಯದೆಯೇ ಡಾಕ್ಟರ್ ಎಂಬ ಬಿರುದು ಸಿಗುತ್ತಿತ್ತು. ಒಂದು ಸಾಲನ್ನೂ ಬರೆಯದವರಲ್ಲಿ ಯಾವ ಯಂತ್ರವೂ ತಪ್ಪು ಹುಡುಕಲಾರದು. ಈ ದೃಷ್ಟಿಯಿಂದ ನಮ್ಮ ಊರಿನ ಅತ್ಯಂತ ನಿಷ್ಕಳಂಕ ಬುದ್ಧಿ ಅವರದೇ.

ಚರ್ಚೆಯ ನಂತರ ಗೋಡೆಯನ್ನು ಒಡೆಯದೆ, ಅದಕ್ಕೊಂದು ಫಲಕ ಹಾಕುವುದೆಂದು ತೀರ್ಮಾನವಾಯಿತು: "ಈ ಗೆರೆಯಿಂದ ಮೇಲಿನ ಭಾಗವು ಆಕಸ್ಮಿಕ. ಇದರಿಂದ ಉಂಟಾಗುವ ರಕ್ಷಣೆಗೆ ಪುರಸಭೆ ಹೊಣೆಯಲ್ಲ." ಹೊಳೆದಡದ ಮನೆಗಳವರು ಮಹಾಪೂರದ ವರ್ಷ ವಿಮ್ಮರ್ ಅವರಿಗೆ ಕೃತಜ್ಞತೆ ಸೂಚಿಸಿ ಹಾಕಿಸಿದ್ದ ಹಿತ್ತಾಳೆಯ ಪಟ್ಟಿಯನ್ನು ತೆಗೆಸಲಾಯಿತು. ತಪ್ಪು ವ್ಯಕ್ತಿಗೆ ಕೃತಜ್ಞರಾಗಿದ್ದಕ್ಕೆ ಅವರ ಮೇಲೆ ಕ್ರಮ ಕೈಗೊಳ್ಳಲಿಲ್ಲ. ಎಚ್ಚರಿಕೆ ಕೊಟ್ಟು ಬಿಡಲಾಯಿತು.

ಸಮಾಧಿಯ ವಿಷಯ ಬಂದಾಗ ರೋಸ್‌ವಿಟಾ ಅವರು ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದರು.

"ಗುಂಟ್ರಾಮ್, ಗಂಡ ಡಾಕ್ಟರಾದ್ರೆ ಹೆಂಡತಿಗೆ ಪಕ್ಕದಲ್ಲಿ ಜಾಗ. ಹೆಂಡತಿ ಡಾಕ್ಟರಾದ್ರೆ?"

ಪೊಕೋರ್ನಿ ಪುಟ ತಿರುವಿದರು. "'ಹಕ್ಕುದಾರರ ಸಂಗಾತಿ' ಅಂತಿದೆ. ಗಂಡನೋ ಹೆಂಡತಿಯೋ ಅಂತ ಹೇಳಿಲ್ಲ. ಸಂಗಾತಿಯ ಬುದ್ಧಿಯನ್ನ ಪರಿಶೀಲಿಸತಕ್ಕದ್ದಲ್ಲ ಅಂತಾನೂ ಇದೆ."

"ಹಾಗಾದ್ರೆ ಅವರನ್ನ ಅಲ್ಲೇ ಇರೋಕೆ ಬಿಡಿ. ನಾನು ಓದಿಕೊಂಡು ಬರ್ತೀನಿ."

ಕ್ರಾಕ್ಸ್‌ನರ್ ನಕ್ಕರು. "ಈ ವಯಸ್ಸಲ್ಲಾ? ಮಂಡಿ ಹಿಡಿದ್ಕೊಂಡು ಮೆಟ್ಟಿಲು ಇಳಿಯೋರು ನೀವು!"

"ಬುದ್ಧಿ ಬರೋದು ಮಂಡಿಗಲ್ಲ ಡಾಕ್ಟರೇ. ನಿಮಗೆ ಇಷ್ಟು ವರ್ಷ ಆದ್ರೂ ಹಲ್ಲು ಬಿಟ್ಟು ಬೇರೇನೂ ಗೊತ್ತಿಲ್ಲ, ಆದ್ರೂ ಮೊದಲ ಸಾಲು ಕೇಳ್ತಿದೀರಲ್ಲ."

ವಿದ್ಯಾರ್ಥಿಗಳ ವ್ಯಾಸಂಗಕ್ಕೆ ತೊಂದರೆಯಾಗುವ ಯಾವ ಕ್ರಮವನ್ನೂ ಪುರಸಭೆ ಕೈಗೊಳ್ಳಬಾರದೆಂಬ ಹಳೆಯ ಆದೇಶವಿದ್ದುದರಿಂದ ಸ್ಥಳಾಂತರಕ್ಕೆ ತಡೆ ಸಿಕ್ಕಿತು. ವಿದ್ಯಾರ್ಥಿಯ ದಿವಂಗತ ಪತಿಯನ್ನು ಅಗೆದು ತೆಗೆಯುವುದು ವ್ಯಾಸಂಗಕ್ಕೆ ತೊಂದರೆ ಎಂದು ನಾವು ವ್ಯಾಖ್ಯಾನಿಸಿದೆವು.

ರೋಸ್‌ವಿಟಾ ಅವರು ನಿಜವಾಗಿಯೂ ಓದಿದರು. ಬೆಳಗಿನ ರೈಲಿನಲ್ಲಿ ಹೋಗಿ ಸಂಜೆಯ ರೈಲಿನಲ್ಲಿ ಬರುತ್ತಿದ್ದರು. ಕೈಚೀಲದಲ್ಲಿ ಗಸಗಸೆ ಕೇಕು, ಮಡಚುವ ಕುರ್ಚಿ, ಕಾನೂನಿನ ಪುಸ್ತಕ. ಒಂದು ಪದವಿ ಮುಗಿಯಿತು. ಅದರ ಮೇಲೆ ಇನ್ನೊಂದು. ಅವರು ಮಾಗಿಸ್ಟರ್ ಆದ ದಿನ ಪೊಕೋರ್ನಿ ಕಚೇರಿಯಲ್ಲಿ ಅವರನ್ನು ಮೊದಲ ಸಲ ತಮಗೆ ಸಮಾನ ಪದವಿಯವರಂತೆ ಮಾತಾಡಿಸಿದರು. ಕೊನೆಗೆ ಮಹಾಪ್ರಬಂಧ ಬರೆಯುವ ಹಂತ ಬಂದಾಗ ಅವರು ಆರಿಸಿಕೊಂಡ ವಿಷಯ: 'ಒಟೊಕಾರ್ ವಿಮ್ಮರ್ ಅವರ ರದ್ದಾದ ಪ್ರಬಂಧದಲ್ಲಿ ಇಲ್ಲದ ಅಡಿಟಿಪ್ಪಣಿಗಳು: ಒಂದು ಅಧ್ಯಯನ.'

ವಿಷಯವನ್ನು ವಿವರಿಸಬೇಕಾದರೆ ಇಲ್ಲದ ಅಡಿಟಿಪ್ಪಣಿ ಎಲ್ಲೆಲ್ಲಿ ಇಲ್ಲ ಎಂದು ತೋರಿಸಬೇಕು. ಹಾಗೆ ತೋರಿಸಬೇಕಾದರೆ ಮೂಲ ಪ್ರಬಂಧವನ್ನು ಮೊದಲಿನಿಂದ ಕೊನೆಯವರೆಗೆ ಕೊಡಬೇಕು. ಅವರು ಕೊಟ್ಟರು. ಗುಡ್ಡಗಾಡಿನ ಹೊಳೆಗಳ ಮೇಲೆ ಊರುಗಳಿಗಿರುವ ಹಕ್ಕಿನ ಬಗ್ಗೆ ಗಂಡ ಬರೆದಿದ್ದ ಪ್ರತಿ ವಾಕ್ಯವನ್ನೂ ಮತ್ತೆ ಟೈಪ್ ಮಾಡಿದರು. ಈ ಸಲ ಹಾಳೆಯ ಕೆಳಗೆ ಸಾಕಷ್ಟು ಜಾಗ ಬಿಟ್ಟಿದ್ದರು. ಬೇರೆಯವರಿಂದ ಬಂದ ಮಾತಿಗೆ ಬೇರೆಯವರ ಹೆಸರು ಹಾಕಿದರು. ಉಳಿದದ್ದಕ್ಕೆಲ್ಲ, "ಇದು ನನ್ನ ಗಂಡನಿಂದ," ಎಂದು ಹಾಕಿದರು.

ಮೌಖಿಕ ಪರೀಕ್ಷೆ ಸಾರ್ವಜನಿಕವಾದುದರಿಂದ ಊರಿನಿಂದ ನಾವು ಕೆಲವರು ಹೋಗಿದ್ದೆವು. ಮುಖ್ಯ ಪರೀಕ್ಷಕರು ಕನ್ನಡಕ ಒರೆಸಿಕೊಂಡು ಕೇಳಿದರು:

"ಈ ಪ್ರಬಂಧದಲ್ಲಿ ನಿಮ್ಮ ಸ್ವಂತದ್ದು ಏನಿದೆ ಅಮ್ಮಾ?"

"ಏನೂ ಇಲ್ಲ ಸ್ವಾಮಿ. ಹಾಗಂತ ಪ್ರತಿ ಪುಟದ ಕೆಳಗೂ ಬರೆದಿದೀನಿ."

ಪರೀಕ್ಷಕರು ಯಂತ್ರದ ವರದಿ ತರಿಸಿದರು. ಯಂತ್ರ ಒಂದು ದೋಷವನ್ನೂ ಕಂಡಿರಲಿಲ್ಲ. ಇಷ್ಟು ಪ್ರಾಮಾಣಿಕವಾದ ಕೃತಿ ತಮ್ಮ ವಿಭಾಗದಲ್ಲಿ ಇದುವರೆಗೆ ಬಂದಿಲ್ಲ ಎಂದು ಅವರು ದಾಖಲಿಸಿದರು.

"ಕೊನೇ ಪ್ರಶ್ನೆ," ಎಂದರು ಇನ್ನೊಬ್ಬರು. "ಮೂಲ ಲೇಖಕರ ಬುದ್ಧಿಮಟ್ಟದ ಬಗ್ಗೆ ನಿಮ್ಮ ಅಭಿಪ್ರಾಯ?"

ರೋಸ್‌ವಿಟಾ ಅವರು ಕರವಸ್ತ್ರ ತೆಗೆದು ಮತ್ತೆ ಚೀಲದೊಳಗೆ ಇಟ್ಟರು.

"ಅವರು ಮನೆಗೆ ಬಂದ ತಕ್ಷಣ ನನ್ನ ಮುಖ ನೋಡಿ, ಮಾತಾಡಬೇಕೋ ಸುಮ್ಮನಿರಬೇಕೋ ಅಂತ ತಿಳ್ಕೊಳ್ತಿದ್ರು. ಬೇರೆ ಪುರಾವೆ ನನ್ನ ಹತ್ರ ಇಲ್ಲ."

ಆ ಉತ್ತರಕ್ಕೆ ಆಧಾರಗ್ರಂಥ ಇಲ್ಲದ್ದರಿಂದ ಅದನ್ನು ಅಂಕಗಳಿಗೆ ಪರಿಗಣಿಸಲಿಲ್ಲ. ಉಳಿದದ್ದಕ್ಕೆ ಅತ್ಯುನ್ನತ ಶ್ರೇಣಿ ನೀಡಿದರು. ಹೀಗೆ ಒಂದೇ ಪ್ರಬಂಧ, ಬರೆದವರಿಂದ ಪದವಿ ಕಸಿದುಕೊಂಡು, ಟೈಪ್ ಮಾಡಿದವರಿಗೆ ಪದವಿ ಕೊಟ್ಟಿತು. ವಿಶ್ವವಿದ್ಯಾಲಯ ಎರಡೂ ಸಲ ಸರಿಯಾಗಿಯೇ ನಡೆದುಕೊಂಡಿತು.

ಊರಿಗೆ ಮರಳಿದ ಮೇಲೆ ಪುರಸಭೆ ಎಲ್ಲ ವಿಷಯಕ್ಕೂ ಅವರ ಅಭಿಪ್ರಾಯ ಕೇಳತೊಡಗಿತು. ನಾಯಿಗಳ ಪರವಾನಗಿ, ಚರ್ಚಿನ ಗಡಿಯಾರ, ಹಿಮ ತೆಗೆಯುವ ಗಾಡಿ. ತಡೆಗೋಡೆಯ ಆ ಮೇಲಿನ ಮೊಳ ಇರಲಿ ಎಂದು ಅವರು ಹೇಳಿದರು. ಅಂದಿನಿಂದ ಅದು ಬುದ್ಧಿವಂತ ಗೋಡೆಯಾಯಿತು. ಫಲಕ ಇಳಿಸಿದರು.

"ಇದೇ ಮಾತನ್ನ ನಾನು ಎಷ್ಟು ವರ್ಷದಿಂದ ಹೇಳ್ತಿದ್ದೆ, ಗುಂಟ್ರಾಮ್."

"ಆಗ ನೀವು ಹೇಳ್ತಿದ್ದದ್ದು ಮಾತು, ಡಾಕ್ಟರಮ್ಮ. ಈಗ ಹೇಳ್ತಿರೋದು ಅಭಿಪ್ರಾಯ."

ಕಲ್ಲುಕೆತ್ತುವ ಫೆರ್ಡಿ ಹಳೆಯ ಕಲ್ಲಿನ ಮುಖವನ್ನು ಉಜ್ಜಿ ಹೊಸದಾಗಿ ಕೆತ್ತಿದ. ಮೇಲೆ 'ಡಾಕ್ಟರ್ ರೋಸ್‌ವಿಟಾ ವಿಮ್ಮರ್', ಕೆಳಗೆ ಚಿಕ್ಕ ಅಕ್ಷರದಲ್ಲಿ 'ಮತ್ತು ಪತಿ'. ಆದರೆ ವಾರ್ಷಿಕ ತಪಾಸಣೆಯಲ್ಲಿ ಒಂದು ಆಕ್ಷೇಪ ಬಂತು. ಮೊದಲ ಸಾಲಿನ ಆ ಸಮಾಧಿಯಲ್ಲಿ ಸಂಗಾತಿ ಮಾತ್ರ ಇದ್ದಾರೆ. ಹಕ್ಕುದಾರರು ಇನ್ನೂ ಹಾಜರಾಗಿಲ್ಲ. ಕ್ರಾಕ್ಸ್‌ನರ್ ಇದನ್ನೇ ಹಿಡಿದುಕೊಂಡು, ಜಾಗ ಖಾಲಿ ಇದ್ದಂತೆಯೇ ಎಂದು ವಾದಿಸಿದರು. ಪೊಕೋರ್ನಿ ಸಂಕೋಚದಿಂದ ಡಾಕ್ಟರಮ್ಮನ ಮನೆಗೆ ಹೋದರು.

"ಅವಸರ ಅಂತಲ್ಲ. ಸುಮಾರಾಗಿ ಯಾವಾಗ ಬರಬಹುದು ಅಂತ ತಿಳಿಸಿದ್ರೆ ಉತ್ತರ ಬರೆಯೋಕೆ ಅನುಕೂಲ."

"ಮಂಡಿ ನೋಡಿದ್ರೆ ತುಂಬಾ ತಡ ಆಗಲ್ಲ ಅನಿಸುತ್ತೆ. ಕಾಫಿ ಕುಡೀತೀರಾ?"

'ಶೀಘ್ರದಲ್ಲಿ' ಎಂದು ಪೊಕೋರ್ನಿ ಉತ್ತರ ಬರೆದರು. ಸಮಿತಿ ತೃಪ್ತಿಪಟ್ಟು, ಅಲ್ಲಿಯವರೆಗೆ ಪತ್ನಿಯ ಪರವಾಗಿ ಮಲಗಿರಲು ಪತಿಗೆ ಅನುಮತಿ ನೀಡಿತು. ಎಲ್ಲರೂ ಕೈ ಎತ್ತಿದೆವು. ಕೊನೆಗೆ ಕ್ರಾಕ್ಸ್‌ನರ್ ಕೂಡ ಎತ್ತಿದರು.

ನವೆಂಬರ್ ಮೊದಲ ದಿನ, ಸತ್ತವರಿಗೆ ದೀಪ ಹಚ್ಚಲು ಊರೆಲ್ಲ ಗುಡ್ಡ ಹತ್ತಿದಾಗ, ಅಧ್ಯಕ್ಷೆ ಶಾಖಿಂಗರ್ ಆ ಕಲ್ಲಿನ ಮುಂದೆ ನಿಂತು ಮೆಚ್ಚುಗೆಯಿಂದ ನೋಡಿದರು.

"ನಿಮ್ಮ ಸಮಾಧಿ ಬಹಳ ಚೆನ್ನಾಗಿ ಬಂದಿದೆ ಡಾಕ್ಟರಮ್ಮ."

"ಹೌದು," ಎಂದರು ರೋಸ್‌ವಿಟಾ, ಗಾಳಿಗೆ ಕೈ ಅಡ್ಡ ಹಿಡಿದು ಬತ್ತಿ ಹಚ್ಚುತ್ತ. "ಅವರಿಗಂತೂ ಒಗ್ಗಿದೆ. ನನಗೂ ಒಗ್ಗುತ್ತೆ."