ಟ್ರಂಕ್ ಫ್ಯಾಕ್ಟರಿಗೆ ಮ್ಯಾನೇಜರನ್ನು ವಿಚಾರಿಸಿದ್ದು

ಒಬ್ಬ ಮನುಷ್ಯ ಎಂಥವನೆಂದು ತಿಳಿಯಬೇಕಾದರೆ ಅವನೊಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ಕೇಳಬೇಕು ಎಂಬುದು ನಮ್ಮ ಕಡೆಯವರ ನಂಬಿಕೆ. ಬೇರೆ ಊರುಗಳಲ್ಲಿ ಹೇಗೋ ನನಗೆ ಗೊತ್ತಿಲ್ಲ. ಉಡುಪಿ, ಕಾಪು, ಕಾರ್ಕಳದ ಕಡೆ ಒಂದು ಸಂಬಂಧ ಕುದುರಬೇಕಾದರೆ ಹುಡುಗನ ಮುಖವನ್ನು ಎಲ್ಲಕ್ಕಿಂತ ಕೊನೆಗೆ ನೋಡುತ್ತೇವೆ. ಮೊದಲು ಅವನ ಊರಿನ ಬಸ್ಸು ಹತ್ತಿ, ಅಲ್ಲಿಯ ಹೋಟೆಲಿನಲ್ಲಿ ಚಾ ಕುಡಿದು, ಮಳೆ ಬೆಳೆ ಮಾತಾಡಿ, ಆಮೇಲೆ ಏನೋ ನೆನಪಾದವರಂತೆ "ಇಲ್ಲಿ ಇಂಥವರದ್ದೊಂದು ಮನೆ ಉಂಟಲ್ಲ" ಎಂದು ಎಳೆ ತೆಗೆಯಬೇಕು. ಇದಕ್ಕೆ ನಮ್ಮಲ್ಲಿ ವಿಚಾರಿಸುವುದು ಎನ್ನುತ್ತಾರೆ. ಈ ಕೆಲಸದಲ್ಲಿ ನನ್ನ ಕೈ ಪಳಗಿತ್ತು. ಬಂಧುಗಳಲ್ಲಿ ಯಾರಿಗೆ ಹುಡುಗನನ್ನು ನೋಡುವುದಿದ್ದರೂ ನನ್ನನ್ನೇ ಕಳಿಸುತ್ತಿದ್ದರು. ಪರರ ಸುದ್ದಿಯಲ್ಲಿ ನನಗಿರುವ ಆಸಕ್ತಿಗೆ ನನ್ನ ಹೆಂಡತಿ ವಾರಿಜ ಬೇರೇನೋ ಹೆಸರಿಟ್ಟಿದ್ದಾಳೆ. ನಾನು ಅದನ್ನು ಕುತೂಹಲ ಎನ್ನುತ್ತೇನೆ.

ಎಂಬತ್ತರ ದಶಕದ ಆರಂಭದಲ್ಲಿ ಪರ್ಕಳದಲ್ಲಿ ನನ್ನದೊಂದು ಟ್ರಂಕ್ ಫ್ಯಾಕ್ಟರಿ ಇತ್ತು. ಫ್ಯಾಕ್ಟರಿ ಎಂಬುದು ಬೋರ್ಡಿನ ಮೇಲಿನ ಮಾತು. ಹಂಚಿನ ಮಾಡಿನ ಒಂದು ಉದ್ದ ಶೆಡ್ಡು, ಎಂಟು ಹತ್ತು ಮಂದಿ ಕೆಲಸದವರು, ತಗಡು ಕತ್ತರಿಸುವ ಒಂದು ಮಷೀನು, ದಿನವಿಡೀ ಸುತ್ತಿಗೆಯ ಸದ್ದು. ಟ್ರಂಕ್ ಎಂದರೆ ತಗಡಿನ ಪೆಟ್ಟಿಗೆ ಅಷ್ಟೇ ಎಂದು ತಿಳಿದವರೊಡನೆ ನಾನು ಮಾತಾಡುವುದಿಲ್ಲ. ಮಣಿಪಾಲದ ಹಾಸ್ಟೆಲಿನ ಹುಡುಗರಿಗೆ ಮಾಡುವ ಟ್ರಂಕಿಗೆ ಚಿಲಕ ಗಟ್ಟಿ ಇರಬೇಕು, ಯಾಕೆಂದರೆ ಅದರೊಳಗೆ ಮನೆಯಿಂದ ಬಂದ ತಿಂಡಿ ಇರುತ್ತದೆ. ಬೊಂಬಾಯಿಗೆ ಹೋಟೆಲ್ ಕೆಲಸಕ್ಕೆ ಹೋಗುವವರ ಟ್ರಂಕು ಬಸ್ಸಿನ ಸೀಟಿನಡಿಗೆ ನುಗ್ಗುವಷ್ಟು ತಗ್ಗಾಗಿರಬೇಕು. ಮದುವೆಯ ಟ್ರಂಕಿಗೆ ಮಾತ್ರ ಇವು ಯಾವುವೂ ಬೇಡ. ಮುಚ್ಚಳದ ಮೇಲೆ ಗುಲಾಬಿ ಹೂ ಇದ್ದರೆ ಸಾಕು, ತಳ ಇದೆಯೋ ಇಲ್ಲವೋ ಎಂದು ಯಾರೂ ಬಗ್ಗಿ ನೋಡುವುದಿಲ್ಲ. ಇಷ್ಟೆಲ್ಲ ಸೂಕ್ಷ್ಮಗಳನ್ನು ಕೆಲಸದವರ ಕೈಗೆ ಬಿಡುವುದು ಹೇಗೆ? ಹಾಗಾಗಿ ಬೆಳಗ್ಗೆ ಅವರಿಗಿಂತ ಮೊದಲೇ ಬಂದು, ಒಬ್ಬೊಬ್ಬರ ಹಿಂದೆಯೂ ನಿಂತು, ರಿವೆಟ್ ಹೊಡೆಯುವವನ ಕೈಯಿಂದ ಸುತ್ತಿಗೆ ತೆಗೆದುಕೊಂಡು ನಾನೇ ಎರಡು ಹೊಡೆದು ತೋರಿಸಿ, ಹೂವಿನ ಎಸಳು ಬಿಡಿಸುವವನಿಗೆ ಎಸಳು ಎಂದರೇನು ಎಂದು ವಿವರಿಸಿ, ಸಂಜೆ ಎಲ್ಲರೂ ಹೋದ ಮೇಲೆ ಬೀಗ ಹಾಕುತ್ತಿದ್ದೆ.

ಹೀಗಿರುವಾಗ ಒಂದು ದಿನ ಸುತ್ತಿಗೆ ಹಿಡಿದುಕೊಂಡಿರುವಾಗಲೇ ನನಗೆ ತಲೆ ಸುತ್ತಿತು. ವಾರಿಜ ಮಣಿಪಾಲಕ್ಕೆ ಕರೆದುಕೊಂಡು ಹೋದಳು. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿಸಿ, ಇಳಿಸಿ, ಮತ್ತೊಮ್ಮೆ ತುಂಬಿಸಿ, "ನೀವಿಲ್ಲದಾಗ ಫ್ಯಾಕ್ಟರಿಯನ್ನು ಯಾರು ನೋಡಿಕೊಳ್ತಾರೆ?" ಎಂದು ಕೇಳಿದರು.

"ನಾನಿಲ್ಲದೆ ಇದ್ದದ್ದೇ ಇಲ್ಲ ಡಾಕ್ಟ್ರೇ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

ಅವರು ಪೆನ್ನು ಕೆಳಗಿಟ್ಟು ನನ್ನ ಬದಲು ವಾರಿಜಳನ್ನು ನೋಡಿ, "ಹೀಗೇ ಹೋದರೆ ಅದೂ ಆಗ್ತದೆ" ಎಂದರು. ಪರ್ಕಳದಲ್ಲಿ ಬಸ್ಸಿಳಿದ ಮೇಲೆ ಅವಳು, "ಒಬ್ಬ ಮ್ಯಾನೇಜರನ್ನು ಇಡಿ. ಇಲ್ಲದಿದ್ರೆ ನಾನು ಮಗಳನ್ನು ಕರಕೊಂಡು ಕಾಪುಗೆ ಹೋಗ್ತೇನೆ. ನೀವು ಸುತ್ತಿಗೆಯೊಟ್ಟಿಗೆ ಸಂಸಾರ ಮಾಡಿ" ಎಂದಳು. ಕಾಪು ಅವಳ ತವರು. ಹದಿನೈದು ವರ್ಷ ನನ್ನ ಜತೆ ಬಾಳಿದರೂ ಅವಳು ಈ ಮಾತನ್ನು ಎಂದೂ ಆಡಿದವಳಲ್ಲ. ಡಾಕ್ಟರ ಮಾತಿಗೆ ಹೆದರದಿದ್ದ ನಾನು ಇದಕ್ಕೆ ನಿಜವಾಗಿ ಹೆದರಿದೆ.

ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟೆ. ಟ್ರಂಕ್ ಎಂದು ಬರೆದರೆ ಯಾರೂ ಬರಲಾರರೆಂದು 'ಉತ್ಪಾದನಾ ಘಟಕಕ್ಕೆ ಅನುಭವಸ್ಥ ಮ್ಯಾನೇಜರ್ ಬೇಕಾಗಿದ್ದಾರೆ' ಎಂದು ಬರೆಸಿದೆ. ಘಟಕವನ್ನು ಹುಡುಕಿಕೊಂಡು ಬಂದವರಲ್ಲಿ ಕೆಲವರು ನನ್ನ ಶೆಡ್ಡಿನ ಎದುರಿಗೇ ನಿಂತು ನನ್ನಲ್ಲೇ ದಾರಿ ಕೇಳಿದರು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಮೊದಲು ಮ್ಯಾನೇಜರನ ರೂಮು ತೋರಿಸಿ ಎಂದರು. ರೂಮಿನ ಮಾತಿರಲಿ, ಫ್ಯಾಕ್ಟರಿಯಲ್ಲಿದ್ದದ್ದು ಒಂದೇ ಕುರ್ಚಿ. ಅದರಲ್ಲಿ ಅವರು ಕೂತಿದ್ದರು. ನಾನು ಮದುವೆಯ ಟ್ರಂಕಿನ ಮೇಲೆ ಕೂತು ಸಂದರ್ಶನ ನಡೆಸುತ್ತಿದ್ದೆ. ಕಾಮರ್ಸ್ ಓದಿದ ಇನ್ನೊಬ್ಬ ತರುಣ ಸುತ್ತಿಗೆಯ ಸದ್ದು ತಾಳಲಾರದೆ, ಎರಡೂ ಕಿವಿಗಳನ್ನು ಮುಚ್ಚಿಕೊಂಡು ಕೇಳಿದ್ದಕ್ಕೆಲ್ಲ ಹೌದು ಎನ್ನುತ್ತಿದ್ದ. ಕುಡಿಯುವ ಅಭ್ಯಾಸ ಇದೆಯೇ ಎಂದದ್ದಕ್ಕೂ ಅಷ್ಟೇ ವಿನಯದಿಂದ ಹೌದು ಎಂದ.

ಕೊನೆಗೆ ಬಂದವನು ಬೆಳ್ಮಣ್ಣಿನ ಸದಾನಂದ. ಮೂವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ. ಬೊಂಬಾಯಿಯಲ್ಲಿ ಪಾತ್ರೆಯ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದು, ಅದು ಮುಚ್ಚಿದ ಮೇಲೆ ಊರಿಗೆ ಬಂದಿದ್ದ. ಮ್ಯಾನೇಜರನ ಸಂದರ್ಶನ ಗಾಂಭೀರ್ಯದಿಂದ ಇರಬೇಕೆಂದು ನಾನು ಕನ್ನಡದಲ್ಲಿ ಆರಂಭಿಸಿದೆ. ಐದು ನಿಮಿಷದಲ್ಲಿ ಇಬ್ಬರೂ ತುಳುವಿಗೆ ಜಾರಿದ್ದೆವು. ಕೆಲಸದವರು ತಡವಾಗಿ ಬಂದರೆ ಏನು ಮಾಡುತ್ತೀ ಎಂದು ಕೇಳಿದೆ. ಅವನು ಬಾಯಿ ತೆರೆಯುವಷ್ಟರಲ್ಲಿ ಏನು ಮಾಡಬೇಕೆಂದು ನಾನೇ ಹೇಳಿದೆ. ಬಣ್ಣ ಒಣಗುವ ಮೊದಲೇ ಗಿರಾಕಿ ಬಂದರೆ ಎಂದು ಕೇಳಿ, ಅದಕ್ಕೂ ನಾನೇ ಉತ್ತರ ಕೊಟ್ಟೆ. ಇಷ್ಟು ಸರಿಯಾಗಿ ಉತ್ತರಿಸಿದವರು ಅದುವರೆಗೆ ಯಾರೂ ಇರಲಿಲ್ಲ. ಹೊರಡುವಾಗ ಅವನು, "ಮನೆಯಲ್ಲಿ ಮಾವನ ಹತ್ತಿರ ಕೇಳಿ ಹೇಳ್ತೇನೆ" ಎಂದ. ಮಾವ ಎಂದರೆ ತಾಯಿಯ ಅಣ್ಣ, ಶೀನಣ್ಣ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಪ್ಪ ಹೂಂ ಎಂದರೂ ಮಾವ ಹೂಂ ಎನ್ನುವವರೆಗೆ ಏನೂ ನಡೆಯುವುದಿಲ್ಲ.

ಅವನು ಕೇಳಿ ಹೇಳುವುದರೊಳಗೆ ನಾನು ವಿಚಾರಿಸಿ ಬಿಡೋಣ ಎಂದು ಮುಂದಿನ ಭಾನುವಾರವೇ ಹೊರಟೆ. ಉಡುಪಿಯಲ್ಲಿ ಬಸ್ಸು ಬದಲಿಸಿ, ಶಿರ್ವದ ದಾರಿಯಾಗಿ ಬೆಳ್ಮಣ್ಣಿಗೆ ಹೋಗಿ ಇಳಿದೆ. ಬಸ್ ಸ್ಟಾಂಡಿನ ಹೋಟೆಲಿನಲ್ಲಿ ಚಾ ಮುಗಿಸಿ ಸದಾನಂದನ ಹೆಸರು ಎತ್ತುತ್ತಲೇ ಹೋಟೆಲಿನವರ ಮುಖ ಅರಳಿತು. "ಓ, ಸಂಬಂಧದ ವಿಷಯವಾ?" ಎಂದರು. ನಾನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ, ಸುಮ್ಮನೆ ನಕ್ಕೆ. ಮದುವೆಯ ವಿಷಯವೆಂದರೆ ಜನ ಹೆಚ್ಚು ಬಾಯಿ ಬಿಡುತ್ತಾರೆ ಎಂಬುದು ನನ್ನ ಲೆಕ್ಕಾಚಾರ. ಬಾಯಿಯನ್ನೇನೋ ಬಿಟ್ಟರು.

"ಬೀಡಿ ಇಲ್ಲ, ಎಲೆಯಡಿಕೆ ಇಲ್ಲ. ಅವರ ಬಾವಿಯಲ್ಲಿ ಬೇಸಿಗೆಗೂ ನೀರುಂಟು. ತಂಗಿಯಂದಿರಿಗೆಲ್ಲ ಮದುವೆ ಆಗಿದೆ, ನಿಮ್ಮ ಹುಡುಗಿಗೆ ನಾದಿನಿಯರ ಉಪದ್ರ ಇಲ್ಲ."

"ಕೆಲಸದಲ್ಲಿ ಹೇಗೆ?"

"ಕೆಲಸ ಎಂತ ಮಾರಾಯ್ರೆ, ಇವತ್ತು ಇಲ್ಲದಿದ್ರೆ ನಾಳೆ ಸಿಗ್ತದೆ. ಹುಡುಗ ಬಂಗಾರ."

"ಜನರನ್ನು ಸುಧಾರಿಸಿಕೊಂಡು ಹೋಗ್ತಾನಾ?"

"ಅತ್ತೆ ಮಾವನನ್ನು ತಲೆಯ ಮೇಲೆ ಹೊತ್ತುಕೊಳ್ಳುವ ಪೈಕಿ."

ಪಕ್ಕದ ಕ್ಷೌರದಂಗಡಿಯಲ್ಲಿ ಬೇಡದಿದ್ದರೂ ಕೂದಲು ತೆಗೆಸಿಕೊಂಡೆ. ಆ ಮನೆತನದಲ್ಲಿ ಯಾರ ತಲೆಯೂ ಬೋಳಾಗುವುದಿಲ್ಲ ಎಂಬ ಭರವಸೆ ಅಲ್ಲಿ ಸಿಕ್ಕಿತು. ಸಂಜೆ ಹಿಂದಿರುಗುವಾಗ ಸದಾನಂದನಿಗೆ ಹೆಣ್ಣು ಕೊಡಲು ಬೇಕಾದದ್ದೆಲ್ಲ ನನಗೆ ತಿಳಿದಿತ್ತು, ಶೆಡ್ಡಿನ ಬೀಗದ ಕೈ ಕೊಡಬಹುದೇ ಎಂಬುದೊಂದನ್ನು ಬಿಟ್ಟು. ಸುದ್ದಿ ನನಗಿಂತ ಬೇಗ ಓಡಿತು. ಎರಡು ದಿನ ಕಳೆಯುವುದರೊಳಗೆ ಕಾಪುವಿನಿಂದ ವಾರಿಜಳ ಅಣ್ಣ ಬಂದು, "ಎಂತ ಭಾವ, ಎಂಟನೇ ಕ್ಲಾಸಿನ ಹುಡುಗಿಗೆ ಇಷ್ಟು ಅರ್ಜೆಂಟಾ?" ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡರು. ಮಗಳು ಒಂದು ವಾರ ನನ್ನೊಡನೆ ಮಾತು ಬಿಟ್ಟಳು.

ಇದಕ್ಕಿಂತ ದೊಡ್ಡ ಸುದ್ದಿ ಸೋಮವಾರ ಬೆಳಗ್ಗೆಯೇ ಬಂದಿತ್ತು. ಫ್ಯಾಕ್ಟರಿಯ ಎದುರು ಭಟ್ಟರ ಚಾದ ಹೋಟೆಲ್. ಭಟ್ಟರು ಗಾಜಿನ ಲೋಟ ಒರೆಸುತ್ತ, "ನಿನ್ನೆ ಬೆಳ್ಮಣ್ಣಿನ ಒಬ್ಬರು ಬಂದಿದ್ದರು. ಪ್ರಾಯ ಆದವರು. ನಿಮ್ಮನ್ನು ವಿಚಾರಿಸಲಿಕ್ಕೆ" ಎಂದರು.

ನಾನು ಶಿರ್ವದ ಬಸ್ಸಿನಲ್ಲಿ ಅತ್ತ ಹೋಗುತ್ತಿರುವಾಗ ಶೀನಣ್ಣ ಇತ್ತ ಬರುತ್ತಿದ್ದಿರಬೇಕು. "ನೀವೆಂತ ಹೇಳಿದಿರಿ?" ಎಂದು ಕೇಳಿದೆ.

"ಒಳ್ಳೆಯದೇ ಹೇಳಿದೆ" ಎಂದರು ಭಟ್ಟರು.

ಆ 'ಒಳ್ಳೆಯದೇ' ನನ್ನ ನೆಮ್ಮದಿ ಕೆಡಿಸಿತು. ವಿಚಾರಿಸಲು ಬಂದವರಿಗೆ ಜನ ಹೇಳುವ ಒಳ್ಳೆಯದಕ್ಕೆ ಎಷ್ಟು ಬೆಲೆ ಎಂದು ನಾನು ಹಿಂದಿನ ದಿನವಷ್ಟೇ ನೋಡಿ ಬಂದಿದ್ದೆ. ಒಳಗೆ ಹೋಗಿ ಕೆಲಸದವರನ್ನು ಕೇಳಿದೆ. "ನಾವೆಂತ ಹೇಳುದು ಧಣಿ?" ಎಂದು ತಗಡಿನತ್ತ ಮುಖ ತಿರುಗಿಸಿದರು. ಜೀವಮಾನವಿಡೀ ಬೇರೆಯವರ ಬಗ್ಗೆ ಕೇಳಿ ತಿಳಿದುಕೊಂಡವನಿಗೆ ತನ್ನ ಬಗ್ಗೆ ಒಂದು ಮಾತನ್ನು ಯಾರ ಬಾಯಿಯಿಂದಲೂ ಹೊರಡಿಸಲಾಗಲಿಲ್ಲ. ಊಟ ರುಚಿಸಲಿಲ್ಲ. ವಾರಿಜಳ ಮುಂದೆ ಗೋಳು ತೋಡಿಕೊಂಡರೆ ಅವಳು, "ಕೇಳಿದ್ದರೆ ಕೇಳಲಿ, ನೀವೇನು ಕದ್ದಿದ್ದೀರಾ?" ಎಂದು ಅಕ್ಕಿ ಆರಿಸುತ್ತ ಕೂತಳು.

ಮರು ಭಾನುವಾರ ಶೀನಣ್ಣ ಅಳಿಯನನ್ನು ಕರೆದುಕೊಂಡು ಮನೆಗೇ ಬಂದರು. ಬಿಳಿ ಪಂಚೆ, ಹೆಗಲಿಗೆ ಶಾಲು, ಕೈಯಲ್ಲಿ ಬಾಳೆಗೊನೆಯ ಒಂದು ಚಿಪ್ಪು. ವಾರಿಜ ಗೋಳಿಬಜೆ, ಚಟ್ನಿ, ಚಾ ತಂದಿಟ್ಟಳು. ಸದಾನಂದ ತಲೆ ತಗ್ಗಿಸಿ ತಿಂದ. ಮಾತೆಲ್ಲ ಮಾವನದೇ.

"ನಮ್ಮವನಿಗೆ ಒಪ್ಪಿಗೆ ಉಂಟು. ನೀವು ಒಳ್ಳೆಯವರು ಅಂತ ಎಲ್ಲರೂ ಹೇಳಿದರು."

ನಾನು ಗೋಳಿಬಜೆಗೆ ಕೈ ಹಾಕಿದೆ.

"ಆದರೆ ಸುತ್ತಿಗೆಯನ್ನು ಇನ್ನೊಬ್ಬನ ಕೈಯಲ್ಲಿ ನೋಡಲಿಕ್ಕೆ ಆಗುದಿಲ್ಲವಂತೆ ನಿಮಗೆ. ಹಾಗಾದರೆ ಇವನು ಬಂದು ಎಂತ ಮಾಡುದು? ಅದಕ್ಕೆ ಒಂದು ಮಾತು. ಇವನು ಸೇರಿದ ಮೇಲೆ ನೀವು ಸಂಜೆ ನಾಲ್ಕು ಗಂಟೆಯವರೆಗೆ ಫ್ಯಾಕ್ಟರಿಯ ಮೆಟ್ಟಿಲು ಹತ್ತಬಾರದು. ಬಂದರೂ ಕೂತುಕೊಳ್ಳುದು, ಅಷ್ಟೇ."

ಸ್ವಂತ ಫ್ಯಾಕ್ಟರಿಗೆ ಕಾಲಿಡಬಾರದೆಂದು ಹೇಳಲು ಇವರು ಯಾರು? ರೇಗಿ ಬಾಯಿ ತೆರೆದೆ. ಬಾಗಿಲ ಬಳಿ ನಿಂತಿದ್ದ ವಾರಿಜ, "ಆಗಬಹುದು" ಎಂದಳು.

"ನಾಲ್ಕು ಗಂಟೆ ಅಂತ ಮೊದಲು ಹೇಳಿದ್ದು ಅಕ್ಕನವರೇ ಅಲ್ವಾ?" ಎಂದು ಶೀನಣ್ಣ ಅವಳತ್ತ ನೋಡಿ ನಕ್ಕರು. ಆಗ ತಿಳಿಯಿತು. ಆ ಭಾನುವಾರ ಅವರು ಭಟ್ಟರ ಹೋಟೆಲಿನಲ್ಲಿ ಕೂತದ್ದು ಚಾ ಕುಡಿಯುವಷ್ಟು ಹೊತ್ತು. ಆಮೇಲೆ ನೇರ ನನ್ನ ಮನೆಗೆ ಬಂದು, ಬೆಲ್ಲ ನೀರು ಕುಡಿದು, ವಾರಿಜಳ ಹತ್ತಿರ ಮಧ್ಯಾಹ್ನದವರೆಗೆ ಮಾತಾಡಿದ್ದರು. ಎಷ್ಟೋ ಹುಡುಗರನ್ನು ವಿಚಾರಿಸಿದ ನನಗೆ ಮನೆಯವರನ್ನೇ ಕೇಳಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ. ಸಿಟ್ಟು ಬಂತು. ಆದರೆ ಅವಳ ಮುಖ ನೋಡಿದೆ. ಕಾಪುಗೆ ಹೋಗುತ್ತೇನೆ ಎಂದ ದಿನದಿಂದ ಅವಳು ಎಷ್ಟು ಹೆದರಿದ್ದಳೆಂಬುದು ಅಲ್ಲಿ ಕಾಣುತ್ತಿತ್ತು. ನಾನೂ ಆಗಬಹುದು ಎಂದೆ.

ಸದಾನಂದ ಸೇರಿದ ಮೇಲೆ ನಾನು ದಿನವೂ ಭಟ್ಟರ ಹೋಟೆಲಿನ ಬೆಂಚಿನ ಮೇಲೆ ಕೂರತೊಡಗಿದೆ. ಹೋಟೆಲು ಫ್ಯಾಕ್ಟರಿಯ ಮೆಟ್ಟಿಲಲ್ಲ, ಕರಾರಿಗೆ ಭಂಗವಿಲ್ಲ. ಸುತ್ತಿಗೆಯ ಸದ್ದಿಗೆ ಕಿವಿ ಕೊಟ್ಟು, ಎಲ್ಲಿ ತಪ್ಪುತ್ತದೆ ಎಂದು ಕಾಯುತ್ತಿದ್ದೆ. ನಿಜ ಹೇಳಬೇಕೆಂದರೆ, ತಪ್ಪಲಿ ಎಂದು ಆಸೆಪಡುತ್ತಲೂ ಇದ್ದೆ. ತಪ್ಪಲಿಲ್ಲ. ಶಾಲೆ ಕಾಲೇಜು ತೆರೆಯುವ ಹೊತ್ತಿಗೆ ಹಾಸ್ಟೆಲಿನ ಟ್ರಂಕುಗಳೆಲ್ಲ ಬಣ್ಣ ಒಣಗಿ ಸಾಲಾಗಿ ನಿಂತವು, ನನ್ನ ಕಾಲದಲ್ಲಿ ಹಸಿ ಬಣ್ಣ ಅಂಟಿಸಿಕೊಂಡು ಹೋಗದ ವಿದ್ಯಾರ್ಥಿಯೇ ಇರಲಿಲ್ಲ. ಹೂವಿನ ಎಸಳುಗಳೂ ಮೊದಲಿಗಿಂತ ಚೆನ್ನಾಗಿ ಬರುತ್ತಿದ್ದವು. ಮಣಿಪಾಲದ ಡಾಕ್ಟರು ಗಾಳಿ ತುಂಬಿಸಿ ಇಳಿಸಿ, ಎರಡನೇ ಸಲ ತುಂಬಿಸದೆ ಬಿಟ್ಟರು. ವಾರಿಜ ನಗುತ್ತಿದ್ದಳು. ಸದಾನಂದ ಇಲ್ಲದಿದ್ದರೆ ನನ್ನ ಗತಿಯೇನು ಎಂಬ ಭಯ ಆಗಲೇ ಹುಟ್ಟಿದ್ದು.

ಆ ಭಯ ಬೇಗನೆ ನನ್ನ ಪಕ್ಕದಲ್ಲೇ ಬಂದು ಕೂತಿತು. ಒಂದು ಬೆಳಗ್ಗೆ ಕಾರ್ಕಳದ ಬಸ್ಸಿನಿಂದ ಸಫಾರಿ ತೊಟ್ಟ ಒಬ್ಬರು ಇಳಿದು, ಹೋಟೆಲಿಗೆ ಬಂದು ಚಾ ಹೇಳಿ, ಮಳೆ ಬೆಳೆ ಮಾತಾಡಿ, ಏನೋ ನೆನಪಾದವರಂತೆ, "ಈ ಎದುರಿನ ಫ್ಯಾಕ್ಟರಿಯಲ್ಲಿ ಸದಾನಂದ ಅಂತ ಒಬ್ಬ ಇದ್ದಾನಲ್ಲ" ಎಂದರು. ಕಾರ್ಕಳದಲ್ಲಿ ಅವರದ್ದು ಕಬ್ಬಿಣದ ಕಪಾಟು ಮಾಡುವ ಫ್ಯಾಕ್ಟರಿಯಂತೆ. ಮ್ಯಾನೇಜರ್ ಬೇಕಾಗಿದ್ದಾರಂತೆ. ನಾನು ಯಾರೆಂದು ಅವರು ಕೇಳಲಿಲ್ಲ. ಬೆಂಚಿನ ಮೇಲೆ ಕೆಲಸವಿಲ್ಲದೆ ಕೂತವನು ಯಾರಾದರೇನು?

ಚೆನ್ನಾಗಿದ್ದಾನೆ ಎಂದರೆ ಅವನು ನಾಳೆಯೇ ಕಾರ್ಕಳದಲ್ಲಿರುತ್ತಾನೆ. ಸರಿಯಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. ಭಟ್ಟರು ಲೋಟ ಒರೆಸುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

"ಹುಡುಗ ಬಂಗಾರ" ಎಂದೆ. "ಕೆಲಸವೂ ಹಾಗೇ. ಆದರೆ ಅವನಿಗೊಬ್ಬರು ಮಾವ ಇದ್ದಾರೆ. ಅವರು ಮೊದಲು ನಿಮ್ಮನ್ನು ವಿಚಾರಿಸಿಯೇ ಕಳಿಸುವುದು."

"ನನ್ನನ್ನಾ?" ಅವರು ನಕ್ಕರು. "ವಿಚಾರಿಸಲಿ. ಕಾರ್ಕಳ ಪೇಟೆಯಲ್ಲಿ ಯಾರನ್ನು ಬೇಕಾದರೂ ಕೇಳಲಿ."

"ಪೇಟೆಯಲ್ಲಿ ಕೇಳುದಿಲ್ಲ ಅವರು. ನಿಮ್ಮ ಹೆಂಡತಿಯ ಹತ್ತಿರ ಕೇಳ್ತಾರೆ."

ಅವರು ಲೋಟವನ್ನು ಅರ್ಧಕ್ಕೇ ಕೆಳಗಿಟ್ಟರು. ಆಮೇಲೆ ಕಾರ್ಕಳದ ಕಡೆಗೆ ಮುಂದಿನ ಬಸ್ಸು ಯಾವಾಗ ಎಂದು ಭಟ್ಟರನ್ನು ಕೇಳಿ ಎದ್ದು ಹೋದರು.

ಬಸ್ಸು ಹೊರಡುತ್ತಲೇ, ಕೈತಪ್ಪುತ್ತಿದ್ದ ಮ್ಯಾನೇಜರನ್ನು ಹೇಗೆ ಉಳಿಸಿಕೊಂಡೆನೆಂದು ಯಾರಿಗಾದರೂ ಹೇಳದೆ ಇರಲಾಗಲಿಲ್ಲ. ರಸ್ತೆ ದಾಟಿ ಫ್ಯಾಕ್ಟರಿಯತ್ತ ಓಡಿದೆ. ಮೆಟ್ಟಿಲ ಮೇಲೆ ಒಂದು ಕಾಲಿಡುವಷ್ಟರಲ್ಲಿ ಸದಾನಂದ ಬಾಗಿಲಿಗೆ ಬಂದ. ಗೋಡೆಯ ಗಡಿಯಾರವನ್ನೊಮ್ಮೆ ನೋಡಿದ. ಹತ್ತೂವರೆ ಆಗಿತ್ತು. ನಾನು ಕಾಲು ಹಿಂದಕ್ಕೆ ತೆಗೆದುಕೊಂಡು, ಭಟ್ಟರ ಬೆಂಚಿಗೆ ಮರಳಿ, ಇನ್ನೊಂದು ಚಾ ಹೇಳಿದೆ.